ಎಲೆಬಳ್ಳಿಗೆ ಹೊದಿಸಿದ ಕೌದಿ

ಮೊರಬದ ಶಾಲೆಯಿಂದ ನಿವೃತ್ತಳಾದ ಮೇಲೂ ನಾನು ಅದೇ ಬಾಡಿಗೆ ಮನೆಯಲ್ಲಿ ಉಳಿದದ್ದಕ್ಕೆ ಹಿತ್ತಲಿನ ಎಲೆಬಳ್ಳಿಯೂ ಒಂದು ಕಾರಣ. ಬಚ್ಚಲ ನೀರು ಕುಡಿದು ನುಗ್ಗೆ ಗಿಡಕ್ಕೆ ಹಬ್ಬಿದ ಬಳ್ಳಿ. ನನಗೆ ಎಲೆ-ಅಡಿಕೆಯ ಚಟವಿಲ್ಲ. ಆದರೆ ಪೂಜೆ ಇರಲಿ, ಬಸುರಿಯ ಕುಬುಸ ಇರಲಿ, "ಅಕ್ಕೋರ, ನಾಕ ಎಲಿ ಕೊಡ್ರಿ" ಎಂದು ಓಣಿಯ ಹೆಂಗಸರು ಬರುತ್ತಿದ್ದರು. ನಾಲ್ಕು ಎಲೆಗೆ ಬಂದವರು ನಲವತ್ತು ಮಾತಾಡಿ ಹೋಗುತ್ತಿದ್ದರು. ಒಬ್ಬಳೇ ಇರುವ ನನಗೆ ಬೇಕಾಗಿದ್ದದ್ದು ಆ ಮಾತು. ಸುಳ್ಳೇಕೆ ಹೇಳಲಿ?

ಎಳ್ಳಮಾವಾಸ್ಯೆಗಂತೂ ಎಲೆ ಒಯ್ಯಲು ಬಂದ ಬಾಜು ಮನೆಯಾಕೆ, "ಬರ್ರಿ ಅಕ್ಕೋರ, ಹೊಲಕ್ಕ ಹೋಗೂಣು" ಎಂದು ನನ್ನನ್ನೂ ಟ್ರ್ಯಾಕ್ಟರ್ ಹತ್ತಿಸುತ್ತಿದ್ದಳು. ಹೊಲದಲ್ಲಿ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ, ಎಲ್ಲರೂ ಕೂತು ಉಣ್ಣುವ ಹಬ್ಬ. ನಾಲ್ಕು ಜನರ ನಡುವೆ ಕೂತು ನಾನು ಉಣ್ಣುತ್ತಿದ್ದದ್ದು ಅವತ್ತೊಂದೇ ದಿನ.

ಒಂದು ವರ್ಷ ಮೂಡಗಾಳಿಗೆ ಎಲೆಗಳು ಹಳದಿಯಾಗಿ ಉದುರಿದವು. ನಮ್ಮ ಕಡೆಯ ಚಳಿ ಅಂಥ ದೊಡ್ಡ ಚಳಿಯೇನಲ್ಲ. ಕಡಲೆಗೆ, ಬಿಳಿಜೋಳಕ್ಕೆ ಅದು ಅಮೃತ. ಈ ಬಳ್ಳಿಗೆ ಮಾತ್ರ ಆಗಿಬರುವುದಿಲ್ಲ. ಹಬ್ಬಕ್ಕೆ ಎಲೆಯೇ ಇಲ್ಲದಿದ್ದರೆ ನನ್ನನ್ನು ಯಾರು ಕೇಳುತ್ತಾರೆ? ಹಾಗಾಗಿ ಮರುವರ್ಷ ದೀಪಾವಳಿ ಮುಗಿಯುತ್ತಲೇ ಅವ್ವನ ಹಳೆ ಸೀರೆಗಳ ಕೌದಿಯನ್ನು ಬಳ್ಳಿಗೆ ಸುತ್ತಿದೆ. ಮೂಗಿಗಿಂತ ಮೂಗುತಿ ಭಾರ ಎಂದು ನನಗೇ ನಗು ಬಂತು. ಮಧ್ಯಾಹ್ನ ಬಿಸಿಲಿಗೆ ತುಸು ಹೊತ್ತು ಸರಿಸುವುದು, ಮತ್ತೆ ಮುಚ್ಚುವುದು. ಎಲೆಗಳು ಅಂಗೈಯಗಲ ಬೆಳೆದವು.

ಅಮಾವಾಸ್ಯೆಯ ಬೆಳಿಗ್ಗೆ ಇಳಕಲ್ ಸೀರೆಯುಟ್ಟು, ಎಲೆ ಕೊಯ್ದು ತಟ್ಟೆಯಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತೆ. ಯಾರೂ ಬರಲಿಲ್ಲ. ಟ್ರ್ಯಾಕ್ಟರ್ ನನ್ನ ಮುಂದೆಯೇ ಹೋಯಿತು.

ಸಂಜೆ ಬಾಜು ಮನೆಯಾಕೆ ಡಬ್ಬಿಯಲ್ಲಿ ಕಡಬು ತಂದಳು. "ಎಲಿಗೆ ಬರಲೇ ಇಲ್ಲಲ್ಲ ಬೇ?" ಎಂದೆ. ಸಿಟ್ಟು ದನಿಯಲ್ಲೇ ಇತ್ತು.

"ನವಲಗುಂದದಿಂದ ತಂದ್ವಿರಿ. ನೀವು ಕೌದಿ ಹಾಕಿ ಮುಚ್ಚಿಟ್ಟಿದ್ರಿ. ಕೊಡಾಕ ಮನಸಿಲ್ಲೇನೋ ಅಂತ ಓಣ್ಯಾಗ ಮಾತಾತು. ಕೇಳಿ ಯಾಕ ಸಣ್ಣಾವ್ರಾಗೂದು?"

"ಥಂಡಿಗೆ ಮುಚ್ಚಿದ್ದೆ. ನಿಮಗಂತನ ಮುಚ್ಚಿದ್ದೆ."

"ಇಷ್ಟ ಥಂಡಿಗೇನ್ರಿ?" ಎಂದು ನಕ್ಕಳು. ತಟ್ಟೆಯ ಎಲೆ ಕೊಡಲು ಹೋದರೆ, "ಈಗ ಬ್ಯಾಡ್ರಿ, ಪೂಜಿ ಮುಗೀತಲ್ಲ" ಎಂದಳು.

ಮರುದಿನವೇ ಕೌದಿ ಬಿಚ್ಚಿ ಒಳಗಿಟ್ಟೆ. ಹಿತ್ತಲ ಬಾಗಿಲು ಹಗಲೆಲ್ಲ ತೆರೆದಿಟ್ಟೆ. ಆ ವರ್ಷ ಮೂಡಗಾಳಿ ಜೋರಾಗಲಿಲ್ಲ, ಎಲೆ ಕೇಳಲೂ ಯಾರೂ ಬರಲಿಲ್ಲ. ಚಳಿ ಕಳೆದಾಗ ಬಳ್ಳಿಯ ಮೇಲೆ ಹಿಂದೆಂದೂ ಇರದಷ್ಟು ಎಲೆ ಇದ್ದವು.