ಹೊತ್ತು ಮುಳುಗುವ ಮೊದಲು ತಲುಪಬೇಕಾಗಿದ್ದ ಮನೆ

ಅಕ್ಟೋಬರಿನ ಒಂದು ಶನಿವಾರ, ಮಧ್ಯಾಹ್ನ ಒಂದೂವರೆಗೆ, ಮಂಗಳೂರಿನ ಪಂಪ್‌ವೆಲ್‌ನಲ್ಲಿ ನಾನು ಸರ್ಕಾರಿ ಬಸ್ಸು ಹತ್ತಿದೆ. ಬೆಳಗ್ಗೆ ಒಂದು ಮಳೆ ಬಂದು ಹೋಗಿತ್ತು, ಈಗ ಬಿಸಿಲು ಚುರುಗುಟ್ಟುತ್ತಿತ್ತು. ಹೆಗಲಲ್ಲಿ ಒಂದು ಚೀಲ, ಕೈಯಲ್ಲಿ ಆಧಾರ್ ಕಾರ್ಡು, ಬಾಯಲ್ಲಿ ಹೇಳಲಾಗದ ಒಂದು ಮಾತು. ಹೊರಟದ್ದು ಸಿದ್ಧಕಟ್ಟೆಯಿಂದಾಚೆ, ವೇಣೂರಿನ ಹಾದಿಯಲ್ಲಿರುವ ನನ್ನ ರೂಮ್‌ಮೇಟ್ ಸನ್ಮತಿಯ ಮನೆಗೆ. ಅವಳು ಹಾಸ್ಟೆಲ್ ಬಿಟ್ಟು ಹೋಗಿ ಒಂಬತ್ತು ದಿನವಾಗಿತ್ತು. ಹಿಂದಿನ ದಿನ ಫೋನ್ ಮಾಡಿ, "ನನ್ನ ಬಕೆಟ್, ಹಾಸಿಗೆ ಯಾರಿಗಾದ್ರೂ ಕೊಡು ರೇಣುಕಾ. ನಾನು ಇನ್ನು ಬರುವುದಿಲ್ಲ" ಎಂದಿದ್ದಳು. ಅವಳು ಹೋಗಲು ಕಾರಣ ನಾನು. ಅದು ಅವಳಿಗೆ ಗೊತ್ತಿರಲಿಲ್ಲ.

ನಾನು ಗದಗ ಜಿಲ್ಲೆಯವಳು. ಕಡಲಿರುವ ಊರಲ್ಲಿ ಓದಬೇಕೆಂಬ ಹಟಕ್ಕೆ ಬಿದ್ದು ಇಷ್ಟು ದೂರದ ವಿಶ್ವವಿದ್ಯಾಲಯಕ್ಕೆ ಬಂದು ಭೂಗರ್ಭಶಾಸ್ತ್ರ ಹಿಡಿದಿದ್ದೆ. ಮೊದಲ ವರ್ಷದವರ ಪಾಡು ಎಲ್ಲರಿಗೂ ಗೊತ್ತಿರುವುದೇ: ಕೊರಳಿನ ಐಡಿ ಕಾರ್ಡನ್ನು ಊಟಕ್ಕೆ ಹೋಗುವಾಗಲೂ ತೆಗೆಯದವರು ನಾವು. ಬ್ಲಾಕು ತಪ್ಪಿ ಎರಡು ದಿನ ಕಾಮರ್ಸಿನವರ ನಡುವೆ ಕೂತು ಶ್ರದ್ಧೆಯಿಂದ ನೋಟ್ಸ್ ಬರೆದುಕೊಂಡೆ, ಎದ್ದು ಹೊರಬರಲು ಧೈರ್ಯವಾಗಲಿಲ್ಲ. ಮಳೆಗಾಲ ಮುಗಿಯದೆ ಬಟ್ಟೆ ಒಣಗುತ್ತಿರಲಿಲ್ಲ, ಮೊದಲ ಇಂಟರ್ನಲ್ಸನ್ನು ಅರೆಹಸಿ ಚೂಡಿದಾರದಲ್ಲೇ ಬರೆದೆ. ಸುತ್ತ ಎಲ್ಲರೂ ತುಳುವಿನಲ್ಲಿ ನಗುತ್ತಿದ್ದರೆ ನಾನೂ ಒಂದು ಕ್ಷಣ ತಡವಾಗಿ ನಗುತ್ತಿದ್ದೆ. ಬೆಳಗಿನ ಸ್ನಾನಕ್ಕೆ ಬಕೆಟ್ ಇಟ್ಟು ಸರದಿ ಕಾಯುವಾಗ ನನ್ನ ಬಕೆಟನ್ನು ಯಾರೂ ಹಿಂದೆ ತಳ್ಳದಂತೆ ನೋಡಿಕೊಂಡವಳು ಸನ್ಮತಿ. ಕುಚ್ಚಲಕ್ಕಿ ಅನ್ನ ನೋಡಿ ನಾನು ಅತ್ತಾಗ ಮೆಸ್ಸಿನ ಅಣ್ಣನಿಗೆ ಹೇಳಿ ಎರಡು ಚಪಾತಿ ಕೊಡಿಸಿದವಳೂ ಅವಳೇ.

ಅವಳಲ್ಲಿ ಒಂದೇ ಸಂಗತಿ ನನಗೆ ಹಿಡಿಸುತ್ತಿರಲಿಲ್ಲ. ರಾತ್ರಿ ಎಂಟಕ್ಕೆ ಮೆಸ್ಸಿನ ಗಂಟೆ ಹೊಡೆದರೆ ಅವಳು ಕೆಳಗೆ ಬರುತ್ತಿರಲಿಲ್ಲ. ಕರೆದರೆ, "ಹಸಿವಿಲ್ಲ, ನೀನು ಹೋಗು" ಎನ್ನುತ್ತಿದ್ದಳು. ನಮ್ಮ ಜೊತೆ ಕೂತು ಉಣ್ಣಲು ಇವಳಿಗೇನು ದೊಡ್ಡಸ್ತಿಕೆ ಎಂದು ನನಗೆ ಒಳಗೊಳಗೇ ಉರಿ. ಆಮೇಲೆ ಇರುವೆಗಳು ಬಂದವು. ಅವಳ ಕಪಾಟಿನಿಂದ ಹೊರಟು ನನ್ನ ದಿಂಬಿನವರೆಗೆ ಸಾಲು. ನೋಡಿದರೆ ಕಪಾಟಿನ ಮೂಲೆಯಲ್ಲಿ ಸ್ಟೀಲ್ ಡಬ್ಬಿ, ಅದರಲ್ಲಿ ಮಧ್ಯಾಹ್ನದ ಅನ್ನ. ರೂಮಿನಲ್ಲಿ ಊಟ ಇಡಬಾರದೆಂಬುದು ಹಾಸ್ಟೆಲಿನ ನಿಯಮ. ಇರುವೆ ಕಚ್ಚಿದ ಸಿಟ್ಟಿನಲ್ಲಿ ನೇರ ವಾರ್ಡನ್ ಹತ್ತಿರ ಹೋಗಿ ಹೇಳಿಬಿಟ್ಟೆ. ಅವರು ಬಂದವರೇ ಡಬ್ಬಿಯನ್ನು ವರಾಂಡಕ್ಕೆ ತಂದು, ಇಡೀ ಮಹಡಿಯ ಹುಡುಗಿಯರ ಎದುರು ಕೇಳಿದರು: "ಮೆಸ್ಸಲ್ಲಿ ಊಟ ಹಾಕುವುದಿಲ್ವಾ ನಿನಗೆ? ಕದ್ದು ಇಡ್ಬೇಕಾ?" ಸನ್ಮತಿ ಡಬ್ಬಿ ತೊಳೆದು ಕವುಚಿ ಇಟ್ಟಳು. ಮರುದಿನ ಬೆಳಗ್ಗೆ ರಜೆ ಚೀಟಿ ಬರೆದು ಊರಿಗೆ ಹೋದಳು.

ಬಸ್ಸಿನಲ್ಲಿ ನನ್ನ ಪಕ್ಕ ಸಫ್ವಾನಾ ಇದ್ದಳು. ನಮ್ಮದೇ ಕ್ಲಾಸು, ದಿನಾ ಫರಂಗಿಪೇಟೆಯಿಂದ ಹೋಗಿಬರುವವಳು. ದುಬೈಯಲ್ಲಿರುವ ಅವಳ ಅಪ್ಪನ ಫೋನು ಬಂದಾಗಲೆಲ್ಲ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ಬ್ಯಾರಿ ಭಾಷೆಯಲ್ಲಿ ಪಿಸುಗುಡುತ್ತಿದ್ದಳು. ಬಲಗಡೆ ಮರಗಳ ಸಂದಿಯಲ್ಲಿ ಆಗಾಗ ನೇತ್ರಾವತಿ ಹೊಳೆಯುತ್ತಿತ್ತು. ನಾನು ನಡೆದದ್ದನ್ನೆಲ್ಲ ಅವಳಿಗೆ ಹೇಳಿ, "ರಾತ್ರಿ ಉಣ್ಣಲಾರದಾಕಿ ಡಬ್ಬಿ ಯಾಕ ಇಟ್ಕೋಬೇಕು?" ಎಂದೆ.

ಅವಳು ನನ್ನನ್ನೇ ನೋಡಿದಳು. "ಅಯ್ಯೋ, ನಿನಗೆ ಗೊತ್ತಿಲ್ವಾ? ಅವರು ಜೈನರು ಅಲ್ವಾ. ಅವಳ ಅಪ್ಪ ಬಸದಿಯಲ್ಲಿ ಪೂಜೆ ಮಾಡುವವರು. ಹೊತ್ತು ಮುಳುಗಿದ ಮೇಲೆ ಅವರು ಊಟ ಮಾಡುವುದಿಲ್ಲ. ನಮಗೆ ರಂಜಾನಿನಲ್ಲಿ ಹೊತ್ತು ಮುಳುಗಿದ ಮೇಲೆಯೇ ಊಟ, ಅವರಿಗೆ ಅದಕ್ಕೆ ಮೊದಲೇ. ನಮ್ಮದು ಒಂದು ತಿಂಗಳು, ಅವರದ್ದು ವರ್ಷ ಇಡೀ."

ಲ್ಯಾಬು ಬಿಡುವುದು ಐದೂವರೆಗೆ, ಮೆಸ್ಸು ತೆರೆಯುವುದು ಎಂಟಕ್ಕೆ. ಲ್ಯಾಬು ಬಿಟ್ಟು ಹೊತ್ತು ಮುಳುಗುವ ಮೊದಲು ಸಿಗುವ ಅರ್ಧ ಗಂಟೆಯಲ್ಲಿ ಆ ಹುಡುಗಿ ತಣ್ಣಗಾದ ಅನ್ನವನ್ನು ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದಿರಬೇಕು. ಲ್ಯಾಬು ತಡವಾದ ದಿನ ಅದೂ ಇಲ್ಲ, ಡಬ್ಬಿ ಹಾಗೆಯೇ ಉಳಿಯುತ್ತಿತ್ತು. ಎರಡು ತಿಂಗಳು ಪಕ್ಕದ ಮಂಚದಲ್ಲಿ ಮಲಗಿದ ನಾನು ಇದನ್ನು ಒಮ್ಮೆಯೂ ಕೇಳಿರಲಿಲ್ಲ. ಫರಂಗಿಪೇಟೆಯಲ್ಲಿ ಇಳಿಯುವಾಗ ಸಫ್ವಾನಾ, "ಹೇಳಿಬಿಡು ಅವಳಿಗೆ. ಬೇರೆಯವರ ಬಾಯಿಂದ ಗೊತ್ತಾದ್ರೆ ಕಷ್ಟ ಉಂಟು" ಎಂದಳು.

ಬಿ.ಸಿ. ರೋಡು ತಲುಪಿದಾಗ ಎರಡೂಕಾಲು. ಇಲ್ಲಿ ನಾನು ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು ಮಾಡಿದೆ. ನಮ್ಮೂರಲ್ಲಿ ಬಸ್ಸೆಂದರೆ ಸರ್ಕಾರಿ ಬಸ್ಸು, ಹೆಂಗಸರು ಆಧಾರ್ ತೋರಿಸಿದರೆ ಟಿಕೆಟ್ಟಿಗೆ ದುಡ್ಡಿಲ್ಲ. ಈ ಜಿಲ್ಲೆಯ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ. ಎರಡೂವರೆಗೆ ಸಿದ್ಧಕಟ್ಟೆಯ ಖಾಸಗಿ ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, "ಬನ್ನಿ ಅಕ್ಕ, ಸೀಟು ಉಂಟು" ಎಂದ. ನಾನು ಆಧಾರ್ ಕಾರ್ಡು ತೋರಿಸಿದೆ.

"ಇದಕ್ಕೆ ಅದು ನಡೆಯುವುದಿಲ್ಲ ಅಕ್ಕ. ಇಪ್ಪತ್ತೈದು ರೂಪಾಯಿ."

"ಹಂಗಾರ ಸರ್ಕಾರಿ ಬಸ್ಸಿಗೇ ಬರ್ತೀನ್ರಿ" ಎಂದು ಬಿಗಿಯಾಗಿ ನಿಂತೆ. ಅವನು ನಕ್ಕು ವಿಸಿಲ್ ಊದಿದ. ಅದರ ನಂತರದ್ದನ್ನೂ ಬಿಟ್ಟೆ, ಮತ್ತೊಂದನ್ನೂ ಬಿಟ್ಟೆ. ಕಾದಷ್ಟೂ, ಇಷ್ಟು ಹೊತ್ತು ಕಾದು ಈಗ ದುಡ್ಡು ಕೊಡುವುದೇ ಎಂಬ ಹಟ ಬೆಳೆಯಿತು. ನಿಜ ಹೇಳಬೇಕೆಂದರೆ ಹಟದ ಅಡಿಯಲ್ಲಿ ಅಂಜಿಕೆಯೂ ಇತ್ತು. ತಡವಾದಷ್ಟೂ ಆ ಮಾತು ಹೇಳುವುದು ಮುಂದೆ ಹೋಗುತ್ತಿತ್ತು. ನಾಲ್ಕೂವರೆಗೆ ಸನ್ಮತಿಯ ಫೋನು.

"ಎಲ್ಲಿದ್ದಿ ಮಾರಾಯ್ತಿ? ಅಮ್ಮ ಕೇಳ್ತಾ ಇದ್ದಾರೆ."

"ಸಿದ್ಧಕಟ್ಟಿ ಬಂತು ನೋಡು. ಬಂದೇಬಿಟ್ಟೆ" ಎಂದೆ. ಹಾಗೆ ಹೇಳಿದಾಗ ನಾನಿನ್ನೂ ಬಿ.ಸಿ. ರೋಡಿನ ಕಬ್ಬಿನ ಹಾಲಿನ ಗಾಡಿಯ ಮುಂದೆ ಗ್ಲಾಸು ಹಿಡಿದು ನಿಂತಿದ್ದೆ.

ಕೊನೆಗೆ ಐದಕ್ಕೆ ಇಪ್ಪತ್ತೈದು ರೂಪಾಯಿ ಕೊಟ್ಟು ಖಾಸಗಿ ಬಸ್ಸನ್ನೇ ಹತ್ತಿದೆ. ಬಂಟ್ವಾಳ ಪೇಟೆ ದಾಟಿ ತಿರುವುಗಳಲ್ಲಿ ಅದು ಓಡಿದ ಓಟಕ್ಕೆ ಕಬ್ಬಿನ ಹಾಲು ಗಂಟಲಿಗೆ ಬಂತು. ಸಿದ್ಧಕಟ್ಟೆಯಲ್ಲಿ ವೇಣೂರಿನ ಬಸ್ಸು ಆಗಷ್ಟೇ ಹೋಗಿತ್ತು. ಮುಂದಿನದಕ್ಕೆ ಮುಕ್ಕಾಲು ಗಂಟೆ ಕಾದು, ಬೆಳ್ತಂಗಡಿ ತಾಲೂಕಿನ ಗಡಿ ದಾಟಿ, ಸನ್ಮತಿ ಹೇಳಿದ್ದ ಕಟ್ಟೆಯ ಬಳಿ ಇಳಿದಾಗ ಏಳಕ್ಕೆ ಹತ್ತು ನಿಮಿಷ. ಪೂರ್ತಿ ಕತ್ತಲಾಗಿತ್ತು. ಅವರು ಹೊತ್ತಿಗೆ ಸರಿಯಾಗಿ ಉಂಡು ಮುಗಿಸಿರುತ್ತಾರೆ, ನನಗೆ ಏನಾದರೂ ಮುಚ್ಚಿಟ್ಟಿದ್ದರೆ ಸಾಕು ಎಂದುಕೊಂಡೆ. ಅವಳ ಅಪ್ಪ ಟಾರ್ಚು ಹಿಡಿದು ಕಟ್ಟೆಯ ಮೇಲೆ ಕೂತಿದ್ದರು. ತೆಳ್ಳಗಿನ ಮನುಷ್ಯ, ಬಿಳಿ ಪಂಚೆ. "ಬಸ್ಸು ಕೈಕೊಟ್ಟಿತಾ ಮಗಾ? ಪರವಾಗಿಲ್ಲ, ಬಂದಿಯಲ್ಲ" ಎಂದು ನನ್ನ ಚೀಲ ತೆಗೆದುಕೊಂಡರು.

ಬಸದಿಯ ಪಕ್ಕದಲ್ಲಿ ಎರಡು ಕೋಣೆಯ ಹಂಚಿನ ಮನೆ. ಸನ್ಮತಿ ಓಡಿ ಬಂದು ನನ್ನ ಕೈ ಹಿಡಿದುಕೊಂಡಳು. ಅವಳಮ್ಮ ಬಿಸಿನೀರು ಕೊಟ್ಟು, "ಕೈಕಾಲು ತೊಳೆದು ಬಾ ಮಗಾ, ಬಡಿಸ್ತೇನೆ" ಎಂದರು. ಬಂದು ನೋಡಿದರೆ ನೆಲದ ಮೇಲೆ ನಾಲ್ಕು ಮಣೆ, ನಾಲ್ಕು ಲೋಟ, ಒಂದೇ ಬಾಳೆಲೆ. ಮೂರು ಎಲೆಗಳನ್ನು ಮತ್ತೆ ಸುತ್ತಿ ಮೂಲೆಯಲ್ಲಿ ಒರಗಿಸಿದ್ದರು. ಸೌತೆಕಾಯಿ ಹುಳಿಯ ಪಾತ್ರೆ ತುಂಬ ಇತ್ತು. ಯಾರೂ ಮುಟ್ಟಿರಲಿಲ್ಲ.

"ನೀವು ಉಂಡಿಲ್ಲೇನ್ರಿ?" ಎಂದೆ.

"ನೀನು ಸಿದ್ಧಕಟ್ಟೆಯಲ್ಲಿದ್ದೇನೆ ಅಂದಿ ಅಲ್ವಾ" ಎಂದರು ಅಮ್ಮ. "ಇಷ್ಟು ಹತ್ತಿರ ಬಂದವಳನ್ನು ಬಿಟ್ಟು ಉಣ್ಣುವುದು ಹೇಗೆ? ಈಗ ಬರ್ತಾಳೆ, ಈಗ ಬರ್ತಾಳೆ ಅಂತ ಕೂತೆವು. ಅಷ್ಟರಲ್ಲಿ ಹೊತ್ತು ಹೋಯ್ತು."

"ಒಂದು ಹೊತ್ತು ಬಿಟ್ಟರೆ ಏನೂ ಆಗುವುದಿಲ್ಲ, ನಮಗೆ ಅಭ್ಯಾಸ ಉಂಟು" ಎಂದರು ಅಪ್ಪ. "ನೀನು ಉಣ್ಣು. ದೂರದಿಂದ ಬಂದವಳು."

ಉಂಡೆ. ಬೇಡ ಎಂದರೆ ಅವರ ಹಸಿವಿಗೆ ಅರ್ಥವೇ ಇರುವುದಿಲ್ಲ ಎನಿಸಿತು. ಅನ್ನ, ಹುಳಿ, ಬಾಳೆಕಾಯಿ ಪಲ್ಯ, ನನಗೆಂದೇ ಮಾಡಿದ ಹೆಸರುಬೇಳೆ ಪಾಯಸ. ಮೂವರು ಹಸಿದವರು ನನ್ನ ಸುತ್ತ ಕೂತು, ಇನ್ನಷ್ಟು ಹಾಕಿಕೋ ಎನ್ನುತ್ತಿದ್ದರು. ಅವರ ಮಗಳ ತಣ್ಣನೆಯ ಅನ್ನವನ್ನು ವರಾಂಡಕ್ಕೆ ತರಿಸಿದವಳು ನಾನು. ತುತ್ತು ತುತ್ತಿಗೂ ನೀರು ಕುಡಿದೆ. ಖಾರ ಹೆಚ್ಚಾಯಿತೆಂದು ಭಾವಿಸಿ ಅಮ್ಮ ಮಜ್ಜಿಗೆ ತಂದರು. ನನ್ನ ಕಿವಿಯ ಹತ್ತಿರ ಬಾಗಿ, "ಹತ್ತು ದಿನದಲ್ಲಿ ಇವತ್ತೇ ಇವಳು ನಕ್ಕದ್ದು" ಎಂದರು. ಆ ನಗುವನ್ನು ಅಲ್ಲೇ ಕೆಡಿಸಲು ನನ್ನಿಂದ ಆಗಲಿಲ್ಲ.

ಭಾನುವಾರ ಬೆಳಗ್ಗೆ ಏಳುವಾಗ ಅಂಗಳದ ತುಂಬ ಮಂಜು. ಅಪ್ಪ ಬಸದಿಯ ಪೂಜೆ ಮುಗಿಸಿ ಬಂದ ಮೇಲೆ ಎಲ್ಲರೂ ಸೇರಿ ನೀರುದೋಸೆ ತಿಂದೆವು. ಮೂವರೂ ಎಷ್ಟು ತಿಂದರೆಂದು ನಾನು ಕದ್ದು ನೋಡುತ್ತಿದ್ದೆ. ತಿನ್ನುತ್ತಲೇ ಅಪ್ಪ, "ಮೂಡುಬಿದಿರೆಯಲ್ಲಿ ಕಾಲೇಜು ಬೇಕಾದಷ್ಟು ಉಂಟು, ಮನೆಯಿಂದಲೇ ಹೋಗಿಬರಬಹುದು ಎಂದು ನಾನು ಹೇಳಿದೆ. ಇವಳಿಗೆ ಕಲ್ಲು ಮಣ್ಣಿನ ವಿದ್ಯೆಯೇ ಬೇಕಂತೆ" ಎಂದರು. ಸನ್ಮತಿ ತಲೆ ತಗ್ಗಿಸಿದಳು. "ರೇಣುಕಾ ಜೊತೆಗಿದ್ರೆ ಹೋಗ್ತೇನೆ ಅಪ್ಪ. ಇಷ್ಟು ದೂರ ಹುಡುಕಿಕೊಂಡು ಬಂದದ್ದು ಇವಳೊಬ್ಬಳೇ" ಎಂದಳು. ಅಮ್ಮ ಆಗಲೇ ಎದ್ದು ಅವಳ ಬಟ್ಟೆ ಮಡಚತೊಡಗಿದರು. ನಾನು ಬಂದ ಕೆಲಸ ಆಗಿಹೋಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು.

ಮಧ್ಯಾಹ್ನ ಊಟ ಮುಗಿಸಿ ಮೂರೂವರೆಯ ಬಸ್ಸಿಗೆ ಹೊರಟೆವು. ವೇಣೂರಿನಲ್ಲಿ ಬಸ್ಸು ಐದು ನಿಮಿಷ ನಿಂತಾಗ ಸನ್ಮತಿ ಕಿಟಕಿಯಿಂದ ಗೊಮ್ಮಟನಿರುವ ದಿಕ್ಕು ತೋರಿಸಿ, ಅಷ್ಟೆತ್ತರದ ವಿಗ್ರಹಕ್ಕೆ ಒಂದೇ ಕಲ್ಲು ಎಂದಳು. ಯಾವ ಜಾತಿಯ ಕಲ್ಲೆಂದು ಇಬ್ಬರೂ ವಾದಿಸಿದೆವು. ಕ್ಲಾಸಿನಲ್ಲಿ ಕಲಿತದ್ದನ್ನು ಹೊರಗೆ ಬಳಸಿದ್ದು ಅದೇ ಮೊದಲು. ಅವಳು ಅಷ್ಟು ಖುಷಿಯಾಗಿದ್ದಳು, ನನಗೆ ಕೂರಲಾಗಲಿಲ್ಲ.

ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲಿ ನೋಡಿದರೂ ಟ್ರಾಲಿ ಬ್ಯಾಗು ಎಳೆಯುವ ವಿದ್ಯಾರ್ಥಿಗಳು. ಮಂಗಳೂರಿನ ಬಸ್ಸು ಹೊರಡಲು ಹತ್ತು ನಿಮಿಷವಿತ್ತು. ಹತ್ತುವ ಮೊದಲು ಹೇಳದಿದ್ದರೆ ಅವಳನ್ನು ಮೋಸದಿಂದ ಕರೆದೊಯ್ದ ಹಾಗಾಗುತ್ತದೆ. ಅವಳ ತೋಳು ಹಿಡಿದು ನಿಲ್ಲಿಸಿದೆ.

"ಸನ್ಮತಿ, ವಾರ್ಡನ್‌ಗ ಹೇಳಿದಾಕಿ ನಾನ. ಇರುವಿ ಬಂದಾವು ಅಂತ ಸಿಟ್ಟಿಗೆದ್ದು ಹೇಳಿದೆ. ನೀ ರಾತ್ರಿ ಉಣ್ಣಂಗಿಲ್ಲಂತ ನನಗ ಗೊತ್ತಿರಲಿಲ್ಲ. ಕೇಳಬೇಕಿತ್ತು, ಕೇಳಲಿಲ್ಲ. ನಿನ್ನೆ ಸಿದ್ಧಕಟ್ಟಿ ಬಂತು ಅಂದದ್ದೂ ಸುಳ್ಳು. ನಿಮ್ಮನ್ನ ಉಪವಾಸ ಕೆಡವಿದಾಕಿನೂ ನಾನ."

ಅವಳು ತೋಳು ಬಿಡಿಸಿಕೊಂಡಳು. "ಎಲ್ಲರ ಎದುರು ನನ್ನನ್ನು ಕಳ್ಳಿ ಮಾಡಿದ್ರು. ಆಗ ನೀನು ನನ್ನ ಪಕ್ಕದಲ್ಲೇ ನಿಂತಿದ್ದಿ ರೇಣುಕಾ" ಎಂದಳು. ಅಷ್ಟೇ. ಬ್ಯಾಗು ಎತ್ತಿಕೊಂಡು ತಿರುಗಿದಳು. ವೇಣೂರಿನ ಬಸ್ಸು ಇನ್ನೂ ಅಲ್ಲೇ ನಿಂತಿತ್ತು. ಅದರ ಮೆಟ್ಟಿಲ ಬಳಿ ಹೋಗಿ ನಿಂತಳು. ಆಮೇಲೆ ಬಂದು ಮಂಗಳೂರಿನ ಬಸ್ಸು ಹತ್ತಿ, ಮುಂದಿನ ಸೀಟಿನಲ್ಲಿ ಯಾರೋ ಹೆಂಗಸಿನ ಪಕ್ಕ ಕೂತಳು. ನಾನು ನಾಲ್ಕು ಸೀಟು ಹಿಂದೆ ಕೂತೆ. ಇಪ್ಪತ್ತೈದು ಕಿಲೋಮೀಟರು ಅವಳ ಜಡೆ ನೋಡುತ್ತಾ ಬಂದೆ. ಅವಳು ಒಮ್ಮೆಯೂ ಹಿಂತಿರುಗಲಿಲ್ಲ. ಅವಳು ರೂಮು ಬದಲಿಸಿಕೊಳ್ಳಲಿ, ನನ್ನ ಜೊತೆ ಮಾತು ಬಿಡಲಿ, ಓದು ಬಿಡದಿದ್ದರೆ ಸಾಕು ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಳ್ಳುತ್ತಿದ್ದೆ.

ವಾಮಂಜೂರು ದಾಟಿದ ಮೇಲೆ ರಸ್ತೆಯಲ್ಲಿ ವಾಹನಗಳ ಸಾಲು ಹತ್ತಿಕೊಂಡಿತು. ಬಸ್ಸು ಆಮೆ ನಡಿಗೆಗೆ ಇಳಿಯಿತು. ಗಂಟೆ ಆರಾಗಲು ಬಂದಿತ್ತು, ಎದುರಿನ ಗಾಜಿನಲ್ಲಿ ಬಿಸಿಲು ಕೆಂಪಾಗಿತ್ತು. ಸನ್ಮತಿ ಹೊರಗೆ ಇಣುಕಿದಳು, ಗಡಿಯಾರ ನೋಡಿಕೊಂಡಳು. ಎದ್ದು, ಸೀಟಿನ ಕಂಬಿಗಳನ್ನು ಹಿಡಿಯುತ್ತಾ ಹಿಂದೆ ಬಂದು ನನ್ನ ಪಕ್ಕ ಕೂತಳು. ಮುಖ ಇನ್ನೂ ಬಿಗಿಯಾಗಿಯೇ ಇತ್ತು, ಕಣ್ಣು ಊದಿಕೊಂಡಿತ್ತು. ಅವಳಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ಮಡಿಲಲ್ಲಿ ಬಿಚ್ಚಿ, ಮೊಸರನ್ನದ ಅರ್ಧವನ್ನು ಮುಚ್ಚಳಕ್ಕೆ ಹಾಕಿ ನನ್ನ ಕೈಗಿಟ್ಟಳು.

"ಹತ್ತು ನಿಮಿಷ ಉಂಟು. ಬೇಗ ತಿನ್ನು" ಎಂದಳು. ಟಿಕೆಟ್ ಎಣಿಸುತ್ತಿದ್ದವನನ್ನು ಗದ್ದದಿಂದಲೇ ತೋರಿಸಿ, "ಇನ್ನು ಹೋಗಿ ಕಂಡಕ್ಟರಿಗೆ ಹೇಳ್ಬೇಡ ಮಾರಾಯ್ತಿ" ಎಂದಳು.

ನಾನು ಅಳುತ್ತಾ ನಗುತ್ತಾ ತಿಂದೆ. ಬಸ್ಸು ನಂತೂರಿಗೆ ಬರುವಷ್ಟರಲ್ಲಿ ಇಬ್ಬರೂ ತಿಂದು ಮುಗಿಸಿದ್ದೆವು. ಹೊರಗೆ ಇನ್ನೂ ಬೆಳಕಿತ್ತು.