ವಿಷ ಕಾಣದ ನೊಣಗಳ ಸಾಕುತಾಯಿ

ಬೆಳಗಿನ ಆರೂವರೆ. ಕೊಳ್ಳೇಗಾಲದ ಹೊರವಲಯದ ಪುಟ್ಟ ಸಂಶೋಧನಾ ಘಟಕದ ಬಾಗಿಲಲ್ಲಿ ಚಿಕ್ಕಬಸಮ್ಮ ಚಪ್ಪಲಿ ಬಿಡುತ್ತಾರೆ. ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಾರೆ. ಮುಡಿದ ಹೂವನ್ನೂ ತೆಗೆದು ಹೊರಗಿನ ಕಟ್ಟೆಯ ಮೇಲಿಡುತ್ತಾರೆ. "ತೋಟದಲ್ಲಿ ಊವಿಗೆ ಏನೇನ್ ಔಸ್ದಿ ವಡ್ದಿರ್ತಾರೋ ಯಾರ್ ಕಂಡವ್ರು ಸಾ." ಇಷ್ಟೆಲ್ಲ ಮಡಿ ಯಾರಿಗಾಗಿ ಅಂದುಕೊಂಡಿರಿ? ನೊಣಗಳಿಗಾಗಿ.

ಯಳಂದೂರು ತಾಲ್ಲೂಕಿನ ಮಾಂಬಳ್ಳಿಯ ಚಿಕ್ಕಬಸಮ್ಮನಿಗೆ ಈಗ ಐವತ್ತೆರಡು. ಇಪ್ಪತ್ತು ವರ್ಷ ರೇಷ್ಮೆ ಹುಳು ಸಾಕಿದವರು. ಗಂಡ ತೀರಿಕೊಂಡು, ಹಿಪ್ಪುನೇರಳೆ ತೋಟ ಮೈದುನರ ಪಾಲಾದ ಮೇಲೆ ಈ ಕೆಲಸ ಹಿಡಿದರು. ಬಸ್ಸಿನಲ್ಲಿ ಸೀಟು ಹಿಡಿದಿಡುವ ಗೆಳತಿಯರೇ 'ನೊಣದ ಬಸಮ್ಮ ಬಂದ್ಲು' ಎಂದು ನಗುತ್ತಾರೆ. ಇವರೂ ನಗುತ್ತಾರೆ.

ಇಲ್ಲಿ ಬಲೆಯ ಪಂಜರಗಳಲ್ಲಿ ಎರಡು ವಂಶದ ಮನೆನೊಣಗಳಿವೆ, ಪಂಜರಕ್ಕೆ ಐನೂರು. ಒಂದು ವಂಶ ಶಾಗ್ಯ ಎಂಬ ಊರ ಕಡೆಯ ಕೋಳಿ ಫಾರಮ್ಮಿನದು, ಯಾವ ಔಷಧಿಗೂ ಜಗ್ಗದ್ದು. ಇನ್ನೊಂದು ತಲೆತಲಾಂತರದಿಂದ ಕೀಟನಾಶಕವನ್ನೇ ಕಾಣದ್ದು. ಅವನ್ನು ಚಿಕ್ಕಬಸಮ್ಮ 'ಪಾಪದವು' ಎನ್ನುತ್ತಾರೆ. ಈ ಪಾಪದವು ಇಲ್ಲದಿದ್ದರೆ ಶಾಗ್ಯದವು ಎಷ್ಟು ಗಟ್ಟಿ ಎಂದು ಹೋಲಿಸಿ ನೋಡುವ ದಾರಿಯೇ ಇಲ್ಲ. ಎರಡಕ್ಕೂ ಹಾಲಿನ ಪುಡಿ, ಸಕ್ಕರೆ. ಮರಿಗಳಿಗೆ ನೆನೆಸಿದ ಗೋಧಿ ಬೂಸಾ. ಒಂದರ ತಟ್ಟೆ ಮುಟ್ಟಿದ ಕೈ ತೊಳೆಯದೆ ಇನ್ನೊಂದಕ್ಕೆ ಹೋಗುವುದಿಲ್ಲ.

ಕೆಲವು ನೊಣಗಳ ಮೈಯೊಳಗಿನ ಕಿಣ್ವಗಳು, ವಿಷ ನರಕ್ಕೆ ಮುಟ್ಟುವ ಮೊದಲೇ ಅದನ್ನು ಒಡೆದುಹಾಕುತ್ತವೆ ಎಂದು ವಿವರಿಸುತ್ತಾರೆ ಘಟಕದ ವಿಜ್ಞಾನಿ ಭವ್ಯ. ಚಿಕ್ಕಬಸಮ್ಮನ ಪಾಠ ಇನ್ನೂ ಸಲೀಸು: "ಮೆತ್ಗಿರೋವು ಸತ್ತೋಯ್ತವೆ. ವಿಸ ಅರಗಿಸ್ಕಂಡಿದ್ದು ಮೊಟ್ಟೆ ಇಕ್ತದೆ. ಮಕ್ಳಿಗೂ ಅದೇ ತಾಕತ್ತು ಬತ್ತದೆ. ಫಾರಮ್ಮಿನೋರು ಡೋಸ್ ಏರಿಸ್ತಾರೆ, ಅವು ಇನ್ನೂ ಗಟ್ಟಿ ಆಯ್ತವೆ."

ಹೋದ ಕಾರ್ತಿಕದ ಒಂದು ಸೋಮವಾರ ಮೂರು ವರ್ಷದ ದುಡಿಮೆಯೇ ಮಣ್ಣುಪಾಲಾಗುವುದರಲ್ಲಿತ್ತು. ಹಿಂದಿನ ಸಂಜೆ ಕಾವಲಿನವರು ಸೊಳ್ಳೆ ಕಾಟ ತಡೆಯಲಾರದೆ ನೊಣದ ಪಂಜರಗಳಿದ್ದ ಕೋಣೆಯಲ್ಲೇ ಸೊಳ್ಳೆಬತ್ತಿ ಹಚ್ಚಿ, ಕಿಟಕಿ ಮುಚ್ಚಿಬಿಟ್ಟಿದ್ದರು. ಬೆಳಿಗ್ಗೆ ನೋಡಿದರೆ ಪಾಪದವು ಒಂದೂ ಉಳಿಯದೆ ಅಂಗಾತ ಬಿದ್ದಿವೆ. ಪಕ್ಕದ ಪಂಜರದಲ್ಲಿ ಶಾಗ್ಯದವು ಏನೂ ಆಗದವರಂತೆ ಸಕ್ಕರೆ ನೆಕ್ಕುತ್ತಿವೆ. ಭವ್ಯ ತಲೆಯ ಮೇಲೆ ಕೈಹೊತ್ತು ಕೂತರು.

ಚಿಕ್ಕಬಸಮ್ಮ ಹಿತ್ತಲಿನ ಉಗ್ರಾಣಕ್ಕೆ ಹೋಗಿ, ತೆಳ್ಳನೆ ಬಟ್ಟೆ ಮುಚ್ಚಿದ ತಟ್ಟೆಯೊಂದನ್ನು ತಂದಿಟ್ಟರು. ಅದರಲ್ಲಿ ಕೆಂಪಕ್ಕಿಯಂಥ ಮುನ್ನೂರು ಕೋಶಗಳು, ಎಲ್ಲವೂ ಪಾಪದವುಗಳದೇ. ಮರಿಗಳು ಕೋಶ ಕಟ್ಟಿದಾಗಲೆಲ್ಲ ಒಂದು ಪಾಲನ್ನು ಹೀಗೆ ಬೇರೆ ಇಡಲು ಅವರಿಗೆ ಯಾರೂ ಹೇಳಿರಲಿಲ್ಲ.

"ಉಳಾ ಸಾಕೋವಾಗ ಎಲ್ಲ ತಟ್ಟೆನೂ ಒಂದೇ ಮನೇಲಿ ಮಡಗ್ತಿರ್ನಿಲ್ಲ ಮೇಡಂ," ಎಂದರಂತೆ. "ಒಂದ್ ಕಡೆ ರೋಗ ಬಿದ್ರೆ ಇನ್ನೊಂದ್ ಕಡೇದಾರ ಉಳೀಲಿ ಅಂತ."

ನಾಲ್ಕನೇ ದಿನ ಕೋಶ ಒಡೆದು ನೊಣಗಳು ಹೊರಬಂದವು. ನೊಣ ಹುಟ್ಟಿದ್ದಕ್ಕೆ ಕಣ್ಣೀರು ಹಾಕಿದ್ದು ಜೀವನದಲ್ಲಿ ಅದೊಂದೇ ಸಲ ಎಂದು ಭವ್ಯ ಈಗಲೂ ಹೇಳುತ್ತಾರೆ. ಪರೀಕ್ಷೆ ಮುಂದುವರಿಯಿತು. ಫಲಿತಾಂಶ ನೋಡಿದ ಶಾಗ್ಯದ ಫಾರಮ್ಮಿನ ಮಾಲೀಕ ಪುಟ್ಟಮಲ್ಲಪ್ಪ ಡೋಸು ಏರಿಸುವುದನ್ನು ನಿಲ್ಲಿಸಿ, ನೊಣ ಮೊಟ್ಟೆಯಿಡುವ ಹಸಿ ಗೊಬ್ಬರವನ್ನು ವಾರಕ್ಕೆರಡು ಸಲ ತೆಗೆಸಿ ಒಣಗಿಸುತ್ತಿದ್ದಾರೆ. ಫಾರಮ್ಮಿನ ಹೆಣ್ಣಾಳುಗಳು ಈಗ ಒಂದು ಕೈಯಲ್ಲಿ ನೊಣ ಓಡಿಸದೆ ಊಟ ಮಾಡುತ್ತಾರೆ.

ಸಂಜೆ ಹೊರಡುವ ಮುನ್ನ ಚಿಕ್ಕಬಸಮ್ಮ ಇವತ್ತಿನ ಪಾಲಿನ ತಟ್ಟೆಯನ್ನು ಉಗ್ರಾಣಕ್ಕೆ ಒಯ್ದಿಟ್ಟು, ಬಾಗಿಲು ಎಳೆದು ನೋಡುತ್ತಾರೆ. ಏನಾದರೂ ಆಸೆ ಉಂಟೇ ಎಂದರೆ ಕಟ್ಟೆಯ ಮೇಲಿನ ಹೂವು ಎತ್ತಿಕೊಳ್ಳುತ್ತಾರೆ.

"ನಾನು ಬಿಟ್ಟೋದ ಮ್ಯಾಕೂ ಒಂದ್ ತಟ್ಟೆ ಬ್ಯಾರೆ ಮಡಗೋರು ಸಿಕ್ಬೇಕು, ಅಷ್ಟೇಯ," ಎನ್ನುತ್ತಾ ಹೂವನ್ನು ಮತ್ತೆ ಮುಡಿದುಕೊಳ್ಳುತ್ತಾರೆ. ಒಳಗಿನ ಪಂಜರದತ್ತ ಕೈ ತೋರುತ್ತಾರೆ. "ಈಗ ಅಲ್ಲಿ ಆರಾಡ್ತಾವಲ್ಲ ಪಾಪದವು, ಅಷ್ಟೂ ಅವತ್ತಿನ್ ಆ ತಟ್ಟೆ ಮಕ್ಳೇಯ ಸಾ."