ಮೊಲದಕ್ಕನ ಇಲಿಗಳ ಒದ್ದೆ ಹಾಸು

ಬೆಳಕು ಹರಿಯುವ ಮೊದಲೇ ಇಲಿಮಾವ ಕೈ ತೊಳೆದು ಪ್ರಾಣಿಕೋಣೆಗೆ ಕಾಲಿಡುತ್ತಾರೆ. ಬಿಳಿ ಇಲಿಯೊಂದನ್ನು ಅಂಗೈಗೆ ಹತ್ತಿಸಿಕೊಂಡು, ಅದರ ಎದೆಬಡಿತ ನಿಧಾನವಾಗುವ ತನಕ ಸುಮ್ಮನೆ ನಿಲ್ಲುತ್ತಾರೆ. ಆಮೇಲೇ ತಕ್ಕಡಿ, ಆಮೇಲೇ ಸೂಜಿ. "ಗಾಬರಿಬಿದ್ದ ಇಲಿ ಸುಳ್ಳು ಹೇಳುತ್ತೆ ಸರ್. ಹೆದರಿಕೆಗೇ ಅದರ ರಕ್ತ ಬದಲಾಗ್ಬಿಡುತ್ತೆ," ಎಂದು ನನಗೆ ವಿವರಿಸುತ್ತಾರೆ. ಈ ಪ್ರಯೋಗಾಲಯದಲ್ಲಿ ಅವರಿಗೆ ಇಪ್ಪತ್ತು ವರ್ಷ ಸಂದಿದೆ. ನಿಜವಾದ ಹೆಸರು ಹೆಂಡತಿಗೆ ಮಾತ್ರ ನೆನಪಿದ್ದಂತಿದೆ.

ಆ ಸೂಜಿಯಲ್ಲಿರುವುದು ಕೃತಕ ಪೆಪ್ಟೈಡ್, ಅಂದರೆ ಪ್ರೋಟೀನಿನ ಪುಟ್ಟ ತುಣುಕು. ಮೆದುಳಿನಡಿಯ ಗ್ರಂಥಿಯನ್ನು ತಿವಿದೆಬ್ಬಿಸಿ ಬೆಳವಣಿಗೆಯ ಹಾರ್ಮೋನು ಹೊರಡಿಸುತ್ತದೆ. ಬಾಟಲಿಯ ಮೇಲೆ 'ಸಂಶೋಧನೆಗೆ ಮಾತ್ರ' ಎಂದಿದ್ದರೂ ಮೈಕಟ್ಟಿನ ಹುಚ್ಚಿಗೆ ಬಿದ್ದವರು ಕದ್ದುಮುಚ್ಚಿ ಚುಚ್ಚಿಕೊಳ್ಳುತ್ತಾರೆ. ವರ್ಷಗಟ್ಟಲೆ ಚುಚ್ಚಿಕೊಂಡರೆ ಏನಾದೀತೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಇಲಿಗಳಲ್ಲಿ ತೊಂದರೆ ಕಾಣದಿದ್ದರೆ ಮುಂದಿನ ಸರದಿ ಮನುಷ್ಯರದ್ದು.

ಇಷ್ಟರಲ್ಲಿ ಮೊಲದ ವಿಭಾಗದಿಂದ ಒಬ್ಬಾಕೆ ವರ್ಗವಾಗಿ ಬರುತ್ತಾರೆ, ಎಲ್ಲರ ಬಾಯಲ್ಲೂ ಮೊಲದಕ್ಕ. ಅರ್ಧ ಪಂಜರಗಳು ಆಕೆಯ ಪಾಲಿಗೆ. ಪಕ್ಷಪಾತ ಬಾರದಿರಲೆಂದು ಯಾವುದಕ್ಕೆ ಎಷ್ಟು ಮದ್ದೆಂದು ಇಬ್ಬರಿಗೂ ಹೇಳಿಲ್ಲ. ಕೆಲವೇ ವಾರಗಳಲ್ಲಿ ಆಕೆಯ ಇಲಿಗಳು ಮೈತುಂಬಿಕೊಳ್ಳುತ್ತವೆ, ಪ್ರಯೋಗ ನಡೆಸುವ ವಿಜ್ಞಾನಿ ಮೇಡಂ ಎಲ್ಲರೆದುರು "ಮೊಲದಕ್ಕನ ಕೈಗುಣ!" ಎಂದುಬಿಡುತ್ತಾರೆ. ಇಲಿಮಾವನಿಗೆ ಊಟ ಸೇರುವುದಿಲ್ಲ. "ನಾನು ಸಾಕಿದ ಇಲಿಗಳು ಸರ್, ಆಕೆ ಬಂದ್ರೆ ಬಾಗಿಲಿಗೆ ಓಡ್ತಿದ್ವು! ಹೊಟ್ಟೆ ಧಗಧಗ ಅಂತಿತ್ತು. ಮನೇಲಿ ಇವಳು, 'ಸವತಿ ಬಂದೋರ ಹಾಗೆ ಆಡ್ತೀರಲ್ಲ' ಅಂತ ನಗ್ತಾಳೆ."

ಹುಳುಕು ಹುಡುಕಲೆಂದೇ ಒಂದು ಬೆಳಗ್ಗೆ ಆಕೆಗಿಂತ ಮೊದಲು ಬಂದು ಆಕೆಯ ಪಂಜರಗಳಿಗೆ ಕೈ ಹಾಕುತ್ತಾರೆ. ಹಾಸಿದ ಮರದ ಹೊಟ್ಟು ತೊಯ್ದು ತೊಪ್ಪೆಯಾಗಿದೆ, ನೀರಿನ ಬಾಟಲಿ ಬರಿದಾಗಿದೆ. ಸಿಕ್ಕಿಬಿದ್ದಳು ಎಂದು ಹಿಗ್ಗಿ, ಮೇಡಂ ಬಂದೊಡನೆ ಅವರ ಬಳಿಗೆ ಓಡುತ್ತಾರೆ. "ಮೇಡಂ, ಈಕೆ ನೀರು ಚೆಲ್ತಾಳೆ, ಹಾಸು ಬದಲಾಯ್ಸಲ್ಲ."

"ಸಂಜೆಯಷ್ಟೇ ಬದಲಾಯ್ಸಿದ್ದೆ ಮಾವ," ಎಂದು ಅಷ್ಟರಲ್ಲಿ ಬಂದ ಮೊಲದಕ್ಕ ಕಣ್ಣು ತುಂಬಿಕೊಳ್ಳುತ್ತಾರೆ.

ಮೇಡಂ ಮುಖ ಗಂಭೀರವಾಗುತ್ತದೆ. ಅಂದೇ ಇಲಿಗಳ ರಕ್ತ ಪರೀಕ್ಷೆ. ಹಾರ್ಮೋನು ಹೆಚ್ಚಿ ಸಕ್ಕರೆ ವಿಪರೀತ ಏರಿದೆ. ಇಲಿಗಳು ಬಾಯಾರಿ ಕುಡಿದು ಕುಡಿದು ಉಚ್ಚೆ ಹೊಯ್ದಿವೆ. ಅವು ಮೈತುಂಬಿಕೊಂಡದ್ದೂ ಕೈಗುಣದಿಂದಲ್ಲ, ಹೆಚ್ಚು ಮದ್ದಿನ ಪಂಜರಗಳೆಲ್ಲ ಆಕೆಯ ಪಾಲಿಗೇ ಬಂದಿದ್ದವು. ಪ್ರಯೋಗ ಅಲ್ಲಿಗೇ ನಿಲ್ಲುತ್ತದೆ, ಮನುಷ್ಯರ ಸರದಿಯೂ. ಎಂಥ ಸೂಕ್ಷ್ಮ ಕಣ್ಣು ಎಂದು ಎಲ್ಲರೂ ಇಲಿಮಾವನನ್ನು ಹೊಗಳುತ್ತಾರೆ.

"ಕಣ್ಣೂ ಇಲ್ಲ ಮಣ್ಣೂ ಇಲ್ಲ ಸರ್, ಬರೀ ಹೊಟ್ಟೆಕಿಚ್ಚು. ಚಾಡಿ ಹೇಳಿದ ನನಗೇ ಆಕೆ 'ಒಳ್ಳೇದು ಮಾಡಿದ್ರಿ ಮಾವ' ಅಂತ ಕೈ ಮುಗಿದ್ಲು. ಅದಕ್ಕೂ ಹೊಟ್ಟೆ ಉರೀತು."

ಈಗ ಅವರಿಗೊಂದೇ ಆಸೆ. "ನನ್ನ ಪಂಜರಗಳನ್ನೂ ಯಾರಾದ್ರೂ ಹಾಗೇ ಹೊಟ್ಟೆ ಉರ್ಕೊಂಡು ನೋಡ್ಬೇಕು ಸರ್. ಆಕೆ ಹಾಗೆ ನೋಡಲ್ಲ. ತೀರಾ ಒಳ್ಳೆಯವಳು."